ಸಕ್ಕರೆ ಕುಸಿದಾಗ ಔಷಧ ಏನು ಮಾಡುತ್ತಿರುತ್ತದೆ?

ರಕ್ತದ ಸಕ್ಕರೆ ಇಳಿಯತೊಡಗಿದಾಗ ಆರೋಗ್ಯವಂತರ ದೇಹ ಮೊದಲು ಮಾಡುವ ಕೆಲಸವೆಂದರೆ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುವುದು. ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 80 ಮಿಲಿಗ್ರಾಂ ಸಮೀಪಿಸುವಾಗಲೇ ಇದು ಶುರುವಾಗುತ್ತದೆ. 70ಕ್ಕಿಂತ ಕೆಳಗಿಳಿದರೆ ಗ್ಲುಕಗಾನ್ ಮತ್ತು ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರಿ, ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಕೈನಡುಕ, ಎದೆಬಡಿತ, ಬೆವರು ಸಾಮಾನ್ಯವಾಗಿ ಇನ್ನೂ ಕೆಳಗಿಳಿದ ಮೇಲೆ ಕಾಣಿಸುತ್ತವೆ.

ಮಧುಮೇಹಿಗಳು ಚುಚ್ಚಿಕೊಂಡ ಇನ್ಸುಲಿನ್ ಈ ಮೊದಲ ರಕ್ಷಣೆಯನ್ನೇ ಇಲ್ಲವಾಗಿಸುತ್ತದೆ, ಏಕೆಂದರೆ ಸಕ್ಕರೆ ಎಷ್ಟೇ ಇಳಿದರೂ ಅದು ಚರ್ಮದಡಿಯಿಂದ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಸಲ್ಫೋನಿಲ್‌ಯೂರಿಯಾ ಮಾತ್ರೆಗಳೂ ಸಕ್ಕರೆಯ ಮಟ್ಟವನ್ನು ಲೆಕ್ಕಿಸದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತವೆ. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಿ ಗ್ಲಿಬೆನ್‌ಕ್ಲಮೈಡ್‌ನ ಪರಿಣಾಮ ಬಹುಕಾಲ ಉಳಿಯುವುದರಿಂದ, ಸಂಜೆ ಗ್ಲೂಕೋಸ್ ನೀರು ಕುಡಿದು ಚೇತರಿಸಿಕೊಂಡವರು ಮಧ್ಯರಾತ್ರಿ ಮತ್ತೆ ಎಚ್ಚರ ತಪ್ಪಬಹುದು. ಅಂಥವರನ್ನು 'ಈಗ ಸರಿಹೋಯಿತಲ್ಲ' ಎಂದು ಕೂಡಲೇ ಮನೆಗೆ ಕಳಿಸುವುದು ನನಗೆ ಸರಿಯೆನಿಸುವುದಿಲ್ಲ. ಮಧುಮೇಹದ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಈ ಭಯ ತೀರಾ ಕಡಿಮೆ. ಸಿಟಾಗ್ಲಿಪ್ಟಿನ್‌ನಂಥ ಮಾತ್ರೆಗಳು ಇನ್ಸುಲಿನ್ ಸ್ರವಿಕೆಗೆ ಕೊಡುವ ಪ್ರಚೋದನೆ ಸಕ್ಕರೆ ಇಳಿದಂತೆ ತಾನೇ ಕ್ಷೀಣಿಸುತ್ತದೆ. ಆದರೆ ಇನ್ಸುಲಿನ್ ಅಥವಾ ಸಲ್ಫೋನಿಲ್‌ಯೂರಿಯಾದ ಜೊತೆ ಕೊಟ್ಟಾಗ ಆ ಭರವಸೆ ಉಳಿಯದು.

ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆ ಸೇವಿಸುವವರಿಗೆ ಮತ್ತೊಂದು ತೊಡಕಿದೆ: ಅದು ಕರುಳಿನಲ್ಲಿ ಸಾಮಾನ್ಯ ಸಕ್ಕರೆ ವಿಭಜನೆಯಾಗುವುದನ್ನೇ ತಡೆಯುವುದರಿಂದ, ಇತರ ಔಷಧದಿಂದ ಸಕ್ಕರೆ ಕುಸಿದಾಗ ಅವರಿಗೆ ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ರಕ್ತದೊತ್ತಡಕ್ಕೋ ಹೃದಯಕ್ಕೋ ಕೊಡುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತವೆ, ಬೆವರನ್ನಲ್ಲ. ಹೀಗಾಗಿ ಇನ್ಸುಲಿನ್ ಜೊತೆಗೆ ಇವನ್ನೂ ಸೇವಿಸುವವರು ಕಾರಣವಿಲ್ಲದೆ ಬೆವತರೆ, ಸೆಖೆಯೆಂದು ಸುಮ್ಮನಿರದೆ ಗ್ಲುಕೋಮೀಟರ್ ಕೈಗೆತ್ತಿಕೊಳ್ಳಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 'ನನಗೆ 50ಕ್ಕೆ ಇಳಿದರೂ ಏನೂ ಆಗುವುದಿಲ್ಲ, ಡಾಕ್ಟ್ರೇ' ಎಂಬ ಮಾತು. ಅದು ದೇಹದ ಗಟ್ಟಿತನವಲ್ಲ. ಸಕ್ಕರೆ ಪದೇ ಪದೇ ಕುಸಿದಂತೆ ಅಡ್ರಿನಲಿನ್ ತಡವಾಗಿ, ಅಲ್ಪ ಪ್ರಮಾಣದಲ್ಲಿ ಬರತೊಡಗುತ್ತದೆ. ಟೈಪ್ 1 ಮಧುಮೇಹದಲ್ಲಿ ಕೆಲವೇ ವರ್ಷಗಳಲ್ಲಿ ಗ್ಲುಕಗಾನ್‌ನ ನೆರವೂ ತಪ್ಪಿಹೋಗಿರುವುದರಿಂದ, ಮುನ್ಸೂಚನೆಯೇ ಇಲ್ಲದೆ ನೇರವಾಗಿ ಮಂಕು ಕವಿಯುತ್ತದೆ. ಕೆಲವು ವಾರ ಕುಸಿತವನ್ನು ಕಟ್ಟುನಿಟ್ಟಾಗಿ ತಪ್ಪಿಸಿದರೆ ಹಲವರಲ್ಲಿ ಮುನ್ಸೂಚನೆಯ ಅರಿವು ಮರಳುತ್ತದೆ. ಅದಕ್ಕಾಗಿ ಇನ್ಸುಲಿನ್ ಪ್ರಮಾಣ ತಗ್ಗಿಸಿ, ಅಷ್ಟು ದಿನ ಸಕ್ಕರೆ ತುಸು ಮೇಲಿರಲು ಬಿಡುವುದಕ್ಕೆ ನಾನು ಹಿಂಜರಿಯುವುದಿಲ್ಲ.