ಹಸಿವೊಂದೇ ಸಾಲದು: ಯೀಸ್ಟ್ ಬೀಜಾಣು ಕಟ್ಟುವುದು ಉಸಿರಾಟದ ಬಲದಿಂದ

ಯೀಸ್ಟ್ ಬೀಜಾಣು ಕಟ್ಟದಿದ್ದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಕೋಶಗಳನ್ನು ಹಸಿವಿಗಿಡುವ ಪೊಟ್ಯಾಸಿಯಂ ಅಸಿಟೇಟ್ ದ್ರಾವಣವನ್ನು. ಆದರೆ ತಪ್ಪು ಬಹುತೇಕ ಹಿಂದಿನ ದಿನ ಕೋಶಗಳನ್ನು ಬೆಳೆಸಿದ ರೀತಿಯಲ್ಲೇ ಇರುತ್ತದೆ.

ಬ್ರೆಡ್ ಯೀಸ್ಟ್ ಆದ ಸ್ಯಾಕರೋಮೈಸಿಸ್ ಸೆರೆವಿಸಿಯೆಯ ಡಿಪ್ಲಾಯ್ಡ್ (ಎರಡು ಜೊತೆ ವರ್ಣತಂತುಗಳ) ಕೋಶ ಬೀಜಾಣು ಕೊಡುವ ಮಿಯಾಸಿಸ್ ವಿಭಜನೆಗೆ ಇಳಿಯಲು ಐಎಂಇ1 ಜೀನ್ ಚಾಲೂ ಆಗಬೇಕು. ಗ್ಲೂಕೋಸ್ ಇದ್ದರೆ ಪಿಕೆಎ, ಸಾರಜನಕ ಇದ್ದರೆ ಟಾರ್ಕ್1 ಎಂಬ ಸಂಕೇತ ಕಿಣ್ವಗಳು ಅದನ್ನು ಅದುಮಿಡುತ್ತವೆ. ಹಾಗೆಂದು ಎರಡನ್ನೂ ಕಿತ್ತುಕೊಂಡು ನೀರಿನಲ್ಲಿಟ್ಟರೆ ಕೆಲಸವಾಗದು. ಅಸಿಟೇಟ್ ಬರೀ ಇಂಧನವಲ್ಲ, ಕಟ್ಟುವ ಸಾಮಗ್ರಿಯೂ ಹೌದು. ಅಸಿಟೈಲ್ ಕೋಎ ಆಗಿ ಗ್ಲೈಆಕ್ಸಿಲೇಟ್ ಚಕ್ರ ಹೊಕ್ಕು, ಅಲ್ಲಿಂದ ಗ್ಲೂಕೋಸ್-6-ಫಾಸ್ಫೇಟ್‌ವರೆಗೆ ಏರಿ, ಅದು ಗ್ಲೈಕೋಜನ್, ಟ್ರೆಹಲೋಸ್, ಬೀಜಾಣು ಗೋಡೆಯ ಗ್ಲೂಕನ್ ಮತ್ತು ಕೈಟೋಸಾನ್ ಆಗುತ್ತದೆ. ನಡುವೆ ಅಸಿಟೇಟ್ ಕಡಿಮೆಯಾದರೆ ಕೋಶ ನಾಲ್ಕರ ಬದಲು ಎರಡೇ ಬೀಜಾಣು ಕಟ್ಟಿ ನಿಲ್ಲುತ್ತದೆ. ಎರಡು ಬೀಜಾಣುಗಳ ಕೋಶಗಳೇ ಹೆಚ್ಚು ಕಂಡರೆ ಇಂಗಾಲದ ಕೊರತೆಯನ್ನೂ ಶಂಕಿಸಿ.

ಮೈಟೋಕಾಂಡ್ರಿಯಾದ ಡಿಎನ್‌ಎ ಕೆಟ್ಟ ‘ಪೆಟೀಟ್’ ಕೋಶಗಳಿಗೆ ಉಸಿರಾಟವಿಲ್ಲ. ಹಾಗಾಗಿ ಬೀಜಾಣುವೂ ಇಲ್ಲ. ಅವನ್ನು ಬೇರ್ಪಡಿಸಲು ತಳಿಯನ್ನು ಮೊದಲು 3% ಗ್ಲಿಸರಾಲ್ ಇರುವ ಪ್ಲೇಟಿನಲ್ಲಿ ಬೆಳೆಸಿ, ಉಸಿರಾಟವಿಲ್ಲದವು ಅಲ್ಲಿ ಬೆಳೆಯವು. ನಂತರ 1% ಯೀಸ್ಟ್ ಸಾರ, 2% ಪೆಪ್ಟೋನ್, 2% ಪೊಟ್ಯಾಸಿಯಂ ಅಸಿಟೇಟ್ ದ್ರವದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒ.ಡಿ. (ಕೋಶ ಸಾಂದ್ರತೆ ತೋರುವ ಮಬ್ಬಿನ ಅಳತೆ) 1ರಿಂದ 1.5ರವರೆಗೆ ಬೆಳೆಸಿ. ಗ್ಲೂಕೋಸ್‌ನಲ್ಲಿ ಕೊಬ್ಬಿದ ಕೋಶಗಳನ್ನು ನೇರ ಅಸಿಟೇಟ್‌ಗೆ ಹಾಕಿದರೆ ಉಸಿರಾಟದ ಕಿಣ್ವಗಳು ಸಿದ್ಧವಾಗಲೇ ತಡವಾಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ, ಉಳಿದ ಪೆಪ್ಟೋನ್ ಎಂದರೆ ಉಳಿದ ಸಾರಜನಕ. 1% ಪೊಟ್ಯಾಸಿಯಂ ಅಸಿಟೇಟ್‌ನಲ್ಲಿ ಒ.ಡಿ. 2ರ ಸುಮಾರಿಗೆ ತೇಲಿಸಿ, ದ್ರವದ ಹತ್ತುಪಟ್ಟು ಗಾತ್ರದ ಫ್ಲಾಸ್ಕಿನಲ್ಲಿ ನಿಮಿಷಕ್ಕೆ 200–250 ಸುತ್ತು ಅಲ್ಲಾಡಿಸಿ. ಫ್ಲಾಸ್ಕ್ ತುಂಬಿಸಬೇಡಿ. ಗಾಳಿ ಸಾಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ತಳಿ ತಾನೇ ತಯಾರಿಸಲಾರದ ಅಮೈನೋ ಆಮ್ಲವನ್ನು ತೀರಾ ಬಿಟ್ಟರೂ ತೊಂದರೆ, ಧಾರಾಳವಾಗಿ ಹಾಕಿದರೂ ತೊಂದರೆ. ಮಾಮೂಲು ಪ್ರಮಾಣದ ಕಾಲುಭಾಗದಿಂದ ಶುರುಮಾಡಿ.

ಪ್ರಯೋಗಾಲಯದ ಎಸ್‌ಕೆ1 ತಳಿಯಲ್ಲಿ 24 ಗಂಟೆಗೆ ಬಹುಪಾಲು ಕೋಶ ಬೀಜಾಣು ಕಟ್ಟುತ್ತದೆ. ಇನ್ನೊಂದು ಪ್ರಯೋಗಾಲಯ ತಳಿ ಎಸ್288ಸಿಗೆ ಹಲವು ದಿನ ಬೇಕು, ಆಗಲೂ ಫಲ ಕಡಿಮೆ. ಕಾಯುವಾಗ ಪಿಎಚ್ ಕಾಗದವನ್ನು ಬಳಸಿ ನೋಡಿ, ಇಷ್ಟು ಸುಲಭದ ಪರೀಕ್ಷೆ ಮತ್ತೊಂದಿಲ್ಲ. ಕೋಶಗಳು ಅಸಿಟೇಟ್ ದಹಿಸುತ್ತಿದ್ದರೆ ದ್ರಾವಣ ಕ್ಷಾರೀಯವಾಗುತ್ತ 8ರ ಆಚೆ ಹೋಗುತ್ತದೆ. ಒಂದು ದಿನ ಕಳೆದರೂ ಪಿಎಚ್ ಏರದಿದ್ದರೆ ಕೋಶಗಳು ಉಸಿರಾಡುತ್ತಿಲ್ಲ. ಸೂಕ್ಷ್ಮದರ್ಶಕಕ್ಕೆ ಹೋಗುವ ಬದಲು ಗ್ಲಿಸರಾಲ್ ಪ್ಲೇಟಿಗೆ ಮರಳಿ.