ಸೀವರ್ಟ್: ಅಳತೆಯ ಹೆಸರು, ಗೌರವದ ಹೆಸರು

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವರು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗಡೆ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಸಿಕ್ಕಿಸಿಕೊಂಡಿರುತ್ತಾರೆ. ಅದಕ್ಕೆ ಟಿಎಲ್‌ಡಿ ಬ್ಯಾಡ್ಜ್ ಎಂದು ಹೆಸರು. ಅದರೊಳಗಿನ ತೆಳುವಾದ ಲೋಹದ ಕಾರ್ಡಿನಲ್ಲಿ ಮೂರು ಪುಟ್ಟ ಬಿಲ್ಲೆಗಳಿದ್ದು, ಅವುಗಳಲ್ಲಿರುವ ಡಿಸ್ಪ್ರೋಸಿಯಮ್ ಬೆರೆತ ಕ್ಯಾಲ್ಸಿಯಮ್ ಸಲ್ಫೇಟ್ ತನ್ನ ಮೇಲೆ ಬಿದ್ದ ವಿಕಿರಣದ ಶಕ್ತಿಯಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಕಾರ್ಡನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಕಾಯಿಸಿದಾಗ ಆ ಶಕ್ತಿ ಮಂದ ಬೆಳಕಾಗಿ ಹೊರಬರುತ್ತದೆ. ಆ ಬೆಳಕನ್ನು ಅಳೆದು ಸಿದ್ಧಪಡಿಸಿದ ವರದಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ, ಅಂಕಿಯ ಪಕ್ಕದಲ್ಲಿ ‘ಮಿಲಿಸೀವರ್ಟ್’ ಎಂಬ ಪದವಿರುತ್ತದೆ. ಈ ಪದದಲ್ಲಿ ‘ಮಿಲಿ’ ಎಂದರೆ ಸಾವಿರದಲ್ಲಿ ಒಂದು ಭಾಗ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಉಳಿದ ಭಾಗ ಒಬ್ಬ ಮನುಷ್ಯನ ಹೆಸರು ಎಂಬುದು ಮಾತ್ರ ಆ ವರದಿಗೆ ಪ್ರತಿ ತ್ರೈಮಾಸಿಕ ಸಹಿ ಹಾಕುವವರಲ್ಲೂ ಹಲವರಿಗೆ ತಿಳಿದಿರುವುದಿಲ್ಲ.

ಸೀವರ್ಟ್ ಎಂಬ ಪದಕ್ಕೆ ಇಂದು ಎರಡು ಬಳಕೆಗಳಿವೆ. ಮೊದಲನೆಯದಾಗಿ ಅದು ವಿಕಿರಣದಿಂದ ಮನುಷ್ಯನ ದೇಹಕ್ಕೆ ಆಗಬಹುದಾದ ಹಾನಿಯನ್ನು ಅಂದಾಜು ಮಾಡುವ ಏಕಮಾನ. ಎರಡನೆಯದಾಗಿ, ವಿಕಿರಣದಿಂದ ಜನರನ್ನು ಕಾಪಾಡುವ ಕೆಲಸದಲ್ಲಿ ಆಯುಷ್ಯ ಕಳೆದವರಿಗೆ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಸಂಘವು ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಕೊಡುವ ಪ್ರಶಸ್ತಿಯ ಹೆಸರು. ಎರಡನೆಯ ಬಳಕೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲನೆಯದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಕನ್ನಡದಲ್ಲಿ ‘ಡೋಸ್’ ಎಂದೊಡನೆ ನೆನಪಿಗೆ ಬರುವುದು ಔಷಧಿ. ವಿಕಿರಣದ ವಿಷಯದಲ್ಲಿ ಡೋಸ್ ಎಂದರೆ ಮೈಗೆ ಸೇರಿದ ವಿಕಿರಣದ ಪ್ರಮಾಣ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಮನೆಯವರು ಅದನ್ನು ‘ಕರೆಂಟ್ ಕೊಡಿಸುವುದು’ ಎನ್ನುವುದುಂಟು. ಯಂತ್ರದೊಳಗಿನಿಂದ ಏನೋ ಬಂದು ಮೈಯನ್ನು ಸೇರುತ್ತದೆ ಎಂಬುದಂತೂ ಆ ಮಾತಿನಲ್ಲಿ ಸರಿಯಾಗಿಯೇ ಇದೆ. ಹೀಗೆ ಸೇರಿದ ಶಕ್ತಿಯನ್ನು ಮಾತ್ರ ಲೆಕ್ಕ ಹಾಕುವುದಾದರೆ ಅದರ ಏಕಮಾನ ಗ್ರೇ: ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಒಂದು ಜೌಲ್ ಶಕ್ತಿ ಇಳಿದರೆ ಅದು ಒಂದು ಗ್ರೇ. ಇದು ಬ್ರಿಟನ್ನಿನ ಭೌತವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ಹೆಸರು. ಇಷ್ಟು ಶುದ್ಧ ಭೌತವಿಜ್ಞಾನ. ಕಲ್ಲಿಗೂ ಮನುಷ್ಯನಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಆದರೆ ಇಳಿದ ಶಕ್ತಿ ಒಂದೇ ಆದ ಮಾತ್ರಕ್ಕೆ ಹಾನಿ ಒಂದೇ ಆಗಿರಬೇಕಿಲ್ಲ. ಒಂದೇ ತೂಕದ ಬ್ಯಾಡಗಿ ಮೆಣಸಿನಕಾಯಿಗೂ ಗುಂಟೂರು ಮೆಣಸಿನಕಾಯಿಗೂ ಖಾರದಲ್ಲಿ ಅಂತರವಿರುವಂತೆ, ಒಂದೇ ಗ್ರೇ ಪ್ರಮಾಣದ ಗಾಮಾ ಕಿರಣಕ್ಕೂ ಆಲ್ಫಾ ಕಣಗಳಿಗೂ ಅಂತರವಿದೆ. ಎಕ್ಸ್‌ರೇ, ಗಾಮಾ ಮತ್ತು ಬೀಟಾಗಳಿಗೆ 1 ಎಂಬ ಗುಣಕವನ್ನು ಕೊಟ್ಟರೆ, ಅತಿ ಕಡಿಮೆ ದೂರದಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುವ ಆಲ್ಫಾ ಕಣಕ್ಕೆ 20 ಎಂಬ ಗುಣಕವನ್ನು ಕೊಡಲಾಗಿದೆ. ಇನ್ನು ಅದೇ ಖಾರ ಅಂಗೈಗೆ ತಗಲುವುದಕ್ಕೂ ಕಣ್ಣಿಗೆ ತಗಲುವುದಕ್ಕೂ ವ್ಯತ್ಯಾಸವಿದೆಯಷ್ಟೆ; ಹಾಗೆಯೇ ಶ್ವಾಸಕೋಶ ಮತ್ತು ಅಸ್ಥಿಮಜ್ಜೆಗೆ 0.12, ಥೈರಾಯ್ಡಿಗೆ 0.04, ಚರ್ಮಕ್ಕೆ 0.01 ಎಂದು ಅಂಗಾಂಗಗಳಿಗೂ ಬೇರೆ ಬೇರೆ ತೂಕವನ್ನು ಗೊತ್ತುಮಾಡಲಾಗಿದೆ. ಈ ಎರಡು ಗುಣಾಕಾರಗಳನ್ನೂ ಮಾಡಿ, ಎಲ್ಲ ಅಂಗಗಳದನ್ನು ಕೂಡಿಸಿದಾಗ ಬರುವ ಅಂಕಿಯನ್ನು ಸೀವರ್ಟ್‌ನಲ್ಲಿ ಹೇಳುತ್ತಾರೆ.

ಈ ತೂಕಗಳು ಪ್ರಕೃತಿ ತಾನಾಗಿ ಬರೆದುಕೊಟ್ಟವಲ್ಲ, ಹಿರೋಷಿಮಾ ಮತ್ತು ನಾಗಸಾಕಿಯಲ್ಲಿ ಬದುಕುಳಿದವರ ಆರೋಗ್ಯದ ದಾಖಲೆಗಳನ್ನೂ ಇತರ ಅಧ್ಯಯನಗಳನ್ನೂ ಮುಂದಿಟ್ಟುಕೊಂಡು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಚರ್ಚಿಸಿ ನಿರ್ಧರಿಸಿದವು. ಹಾಗಾಗಿಯೇ ಅವು ಬದಲಾಗುತ್ತವೆ. ಆಯೋಗದ 1990ರ ಶಿಫಾರಸಿನಲ್ಲಿ ಸ್ತನಕ್ಕೆ 0.05 ಇದ್ದ ತೂಕ 2007ರ ಶಿಫಾರಸಿನಲ್ಲಿ 0.12ಕ್ಕೆ ಏರಿತು, ಜನನಾಂಗಗಳಿಗೆ ಇದ್ದ 0.20 ಎಂಬುದು 0.08ಕ್ಕೆ ಇಳಿಯಿತು. ಅಂದರೆ ಅದೇ ಯಂತ್ರ, ಅದೇ ಕಿರಣ, ಅದೇ ದೇಹ ಇದ್ದರೂ 1990ರ ಲೆಕ್ಕದ ಸೀವರ್ಟ್ ಮತ್ತು 2007ರ ಲೆಕ್ಕದ ಸೀವರ್ಟ್ ಒಂದೇ ಆಗಿರಲಾರವು. ಮೀಟರು, ಕಿಲೋಗ್ರಾಂ, ಸೆಕೆಂಡುಗಳ ಸಾಲಿನಲ್ಲಿ ಕುಳಿತಿದ್ದರೂ ಸೀವರ್ಟ್‌ನೊಳಗೆ ಮನುಷ್ಯರ ತೀರ್ಮಾನ ಬೆರೆತಿದೆ. ನನ್ನ ದೃಷ್ಟಿಯಲ್ಲಿ ಇದು ಆ ಏಕಮಾನದ ದೋಷವಲ್ಲ. ಅದಕ್ಕೆ ಆ ಹೆಸರು ಏಕೆ ಒಪ್ಪುತ್ತದೆ ಎಂಬುದಕ್ಕೆ ಇದೇ ಕಾರಣ.

ರೋಲ್ಫ್ ಮ್ಯಾಕ್ಸಿಮಿಲಿಯನ್ ಸೀವರ್ಟ್ ಹುಟ್ಟಿದ್ದು 1896ರಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ. ವಿದ್ಯುತ್ ಕೇಬಲ್ ತಯಾರಿಸುವ ಕಾರ್ಖಾನೆಯನ್ನು ಕಟ್ಟಿದ ಸಿರಿವಂತರ ಮನೆಯ ಮಗ. ಆದರೆ ಅವರು ಆರಿಸಿಕೊಂಡದ್ದು ಸ್ಟಾಕ್‌ಹೋಮಿನ ಕ್ಯಾನ್ಸರ್ ಆಸ್ಪತ್ರೆಯಾದ ರೇಡಿಯಮ್‌ಹೆಮೆಟ್‌ನ ಭೌತವಿಜ್ಞಾನ ಪ್ರಯೋಗಾಲಯವನ್ನು. ರೇಡಿಯಮ್ಮಿನ ಸುತ್ತ ಎಷ್ಟು ದೂರದಲ್ಲಿ ಎಷ್ಟು ವಿಕಿರಣ ಇರುತ್ತದೆ ಎಂಬ ಲೆಕ್ಕ, ಅದನ್ನು ಅಳೆಯಲು ಪುಟ್ಟ ಅಯಾನೀಕರಣ ಕೋಶಗಳು, ಆಸ್ಪತ್ರೆಗಳ ಉಪಕರಣಗಳ ತಪಾಸಣೆ, ಇವು ಅವರ ಕೆಲಸಗಳು. ಸ್ವೀಡನ್ನಿನಲ್ಲಿ 1941ರಲ್ಲಿ ಬಂದ ವಿಕಿರಣ ರಕ್ಷಣಾ ಕಾನೂನಿನ ಹಿಂದೆ ಅವರ ಪರಿಶ್ರಮವಿತ್ತು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಕಿರಣಶಾಸ್ತ್ರ ಸಮ್ಮೇಳನದಲ್ಲಿ ಇಂದಿನ ಅಂತರರಾಷ್ಟ್ರೀಯ ಆಯೋಗದ ಮೂಲರೂಪವಾದ ಸಮಿತಿಯನ್ನು ರಚಿಸಿದಾಗ ಅವರು ಅದರ ಸದಸ್ಯರಾಗಿದ್ದರು; 1956ರಿಂದ 1962ರವರೆಗೆ ಆ ಆಯೋಗದ ಅಧ್ಯಕ್ಷರೂ ಆದರು. ಒಟ್ಟಿನಲ್ಲಿ ಹೇಳುವುದಾದರೆ, ಹೊಸ ಕಿರಣವನ್ನು ಕಂಡುಹಿಡಿದವರಲ್ಲ, ಹೊಸ ಧಾತುವನ್ನು ಬೇರ್ಪಡಿಸಿದವರಲ್ಲ. ಅಳೆದವರು, ಮಿತಿ ಹಾಕಿದವರು, ಸಮಿತಿಗಳಲ್ಲಿ ಕುಳಿತು ವಾದಿಸಿದವರು. ಅವರು 1966ರಲ್ಲಿ ತೀರಿಕೊಂಡರು. ಅವರ ಹೆಸರಿನ ಏಕಮಾನವನ್ನು ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಒಪ್ಪಿಕೊಂಡದ್ದು 1979ರಲ್ಲಿ. ಅದಕ್ಕೆ ಮೊದಲು ಬಳಕೆಯಲ್ಲಿದ್ದುದು ರೆಮ್. ನೂರು ರೆಮ್‌ಗೆ ಒಂದು ಸೀವರ್ಟ್.

ವಿಕಿರಣದ ಲೋಕದಲ್ಲಿ ಏಕಮಾನಕ್ಕೆ ವ್ಯಕ್ತಿಯ ಹೆಸರಿಟ್ಟು ಗೌರವಿಸುವ ಪದ್ಧತಿ ಹಳೆಯದು. ರಾಂಟ್‌ಜನ್, ಕ್ಯೂರಿ, ಬೆಕ್ವೆರೆಲ್ ಎಂಬವೆಲ್ಲ ಹಾಗೆ ಬಂದವು, ಮತ್ತು ಅವರೆಲ್ಲ ಕಂಡುಹಿಡಿದವರು. ಅವರು ಕಂಡುಹಿಡಿದದ್ದರ ಹಾನಿಯಿಂದ ಸತ್ತವರಿಗೆ ಬೇರೆ ಬಗೆಯ ಗೌರವವಿತ್ತು. ಎಡಿಸನ್ನರ ಪ್ರಯೋಗಾಲಯದಲ್ಲಿ ಎಕ್ಸ್‌ರೇ ನಳಿಕೆಗಳನ್ನು ತನ್ನ ಕೈಗಳನ್ನೇ ಅಡ್ಡ ಹಿಡಿದು ಪರೀಕ್ಷಿಸುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಎರಡೂ ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡನು. ಹಾಗೆ ಸತ್ತ ವೈದ್ಯರು, ದಾದಿಯರು, ತಂತ್ರಜ್ಞರ ನೆನಪಿಗಾಗಿ 1936ರ ಏಪ್ರಿಲ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಒಂದು ಕಲ್ಲಿನ ಸ್ಮಾರಕವನ್ನು ನಿಲ್ಲಿಸಲಾಯಿತು. ಮೊದಲ ದಿನ ಅದರ ಮೇಲೆ 15 ದೇಶಗಳ 169 ಹೆಸರುಗಳಿದ್ದವು. 1959ರ ಹೊತ್ತಿಗೆ ಆ ಸಂಖ್ಯೆ 359 ಆಗಿತ್ತು. ನಮ್ಮ ಊರ ಹೊರಗಿನ ವೀರಗಲ್ಲುಗಳನ್ನು ನೋಡಿದವರಿಗೆ ಈ ಕಲ್ಲು ಅಪರಿಚಿತವೆನಿಸಲಾರದು. ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಹೈನ್ರಿಖ್ ಆಲ್ಬರ್ಸ್-ಶೋನ್‌ಬರ್ಗ್ ಎಕ್ಸ್‌ರೇ ತಗಲಿದ ಮೊಲಗಳು ಸಂತಾನಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂದು 1903ರಲ್ಲಿಯೇ ತೋರಿಸಿಕೊಟ್ಟವರು, ರಕ್ಷಣೆಯ ಬಗ್ಗೆ ಎಚ್ಚರಿಸಿದವರು. ಅವರೂ 1921ರಲ್ಲಿ ಕಿರಣದ ಹಾನಿಯಿಂದಲೇ ಸತ್ತರು.

ವೀರಗಲ್ಲು ಸತ್ತವರಿಗೆ. ಕಾಪಾಡುವ ಕೆಲಸವನ್ನು ಸರಿಯಾಗಿ ಮಾಡಿ, ಅದರಿಂದಾಗಿಯೇ ಹೇಳಿಕೊಳ್ಳುವಂಥದ್ದು ಏನೂ ನಡೆಯದೆ ಹೋದಾಗ ಯಾರಿಗೆ ಕಲ್ಲು ನಿಲ್ಲಿಸುವುದು? ಸೀವರ್ಟ್ ಪ್ರಶಸ್ತಿ ಆ ಕೊರತೆಯನ್ನು ತುಂಬುತ್ತದೆ. 1973ರಲ್ಲಿ ವಾಷಿಂಗ್ಟನ್ನಿನ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮೊದಲ ಪ್ರಶಸ್ತಿಯನ್ನು ಪಡೆದವರು ಸ್ವೀಡನ್ನಿನವರೇ ಆದ ಬೋ ಲಿಂಡೆಲ್. 1980ರಲ್ಲಿ ಅದು ಅಮೆರಿಕದ ಲಾರಿಸ್ಟನ್ ಟೇಲರ್ ಅವರಿಗೆ ಸಂದಿತು. 1928ರ ಸಮಿತಿಯಲ್ಲಿ ಸೀವರ್ಟ್ ಅವರ ಜೊತೆ ಕುಳಿತಿದ್ದ ಟೇಲರ್ 102 ವರ್ಷ ಬದುಕಿ 2004ರಲ್ಲಿ ತೀರಿಕೊಂಡರು ಎಂಬುದು, ವಿಕಿರಣದ ಕಸುಬಿನವರ ಆಯುಷ್ಯದ ಬಗ್ಗೆ ಇರುವ ಭಯಕ್ಕೆ ಒಂದು ಸಣ್ಣ ಉತ್ತರವೂ ಹೌದು. 2000ದಲ್ಲಿ ಪುರಸ್ಕೃತರಾದ ಜಪಾನಿನ ಇತ್ಸುಜೋ ಶಿಗೆಮಾತ್ಸು ಅಣುಬಾಂಬಿನಿಂದ ಬದುಕುಳಿದವರ ಅಧ್ಯಯನ ನಡೆಸುವ ಹಿರೋಷಿಮಾದ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಪ್ರಶಸ್ತಿ ಪಡೆದವರು ಸಮ್ಮೇಳನದಲ್ಲಿ ಒಂದು ಉಪನ್ಯಾಸ ಕೊಡುವುದು ವಾಡಿಕೆ. ಇತ್ತೀಚಿನವರಲ್ಲಿ ಒಬ್ಬರಾದ ಸ್ಪೇನಿನ ಎಲಿಸೆಯೊ ವಾನ್ಯೊ ಅವರ ಕೆಲಸ ನಮ್ಮ ಜಿಲ್ಲಾ ಕೇಂದ್ರಗಳವರೆಗೂ ಬಂದಿರುವ ಹೃದಯದ ಕ್ಯಾಥ್‌ಲ್ಯಾಬ್‌ಗಳಿಗೆ ನೇರವಾಗಿ ಸಂಬಂಧಿಸಿದ್ದು: ರೋಗಿಯ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತು ಸ್ಟೆಂಟ್ ಹಾಕುವ ವೈದ್ಯರ ಮತ್ತು ದಾದಿಯರ ಕಣ್ಣಿನ ಮಸೂರಕ್ಕೆ ಆಗುವ ಹಾನಿಯನ್ನು ಅವರು ಅಧ್ಯಯನ ಮಾಡಿದರು. ಕಣ್ಣಿನ ಮಸೂರಕ್ಕಿದ್ದ ವಾರ್ಷಿಕ ಮಿತಿಯನ್ನು 2011ರಲ್ಲಿ ಅಂತರರಾಷ್ಟ್ರೀಯ ಆಯೋಗ 150ರಿಂದ 20 ಮಿಲಿಸೀವರ್ಟ್‌ಗೆ ಇಳಿಸಿತು.

ಮಿತಿಗಳ ವಿಷಯ ಬಂದದ್ದರಿಂದ ಕೆಲವು ಅಂಕಿಗಳನ್ನು ಹೇಳಿಬಿಡುವುದು ಒಳ್ಳೆಯದು. ಮಣ್ಣು, ಗಾಳಿ, ಆಕಾಶ ಮತ್ತು ಆಹಾರದಿಂದ ಪ್ರತಿಯೊಬ್ಬ ಮನುಷ್ಯನಿಗೂ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ಸಿಗುತ್ತದೆ. ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣದ ಕೆಲಸಗಾರರಿಗೆ ಐದು ವರ್ಷಗಳಲ್ಲಿ ಒಟ್ಟು 100, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯನ್ನು ಹಾಕಿದೆ. ಸಾರ್ವಜನಿಕರಿಗೆ, ನಿಸರ್ಗದಿಂದ ಬರುವುದನ್ನೂ ಚಿಕಿತ್ಸೆಯಲ್ಲಿ ಪಡೆಯುವುದನ್ನೂ ಬಿಟ್ಟು, ವರ್ಷಕ್ಕೆ 1 ಮಿಲಿಸೀವರ್ಟ್. ಉತ್ತರ ಕನ್ನಡದ ಕೈಗಾದ ಸುತ್ತ ನೀರು, ಮಣ್ಣು, ಹಾಲು, ಮೀನುಗಳನ್ನು ಪರೀಕ್ಷಿಸುವ ಪರಿಸರ ಸಮೀಕ್ಷಾ ಪ್ರಯೋಗಾಲಯದವರ ಲೆಕ್ಕವೂ ಕೊನೆಗೆ ಬಂದು ನಿಲ್ಲುವುದು ಈ ಕಡೆಯ ಅಂಕಿಯ ಮುಂದೆಯೇ.

ಸಾರ್ವಜನಿಕ ಸುರಕ್ಷತೆಗಾಗಿ ಮಾಡಿದ ಸೇವೆ ಎಂದರೆ ಹತ್ತಿರದಿಂದ ಹೇಗಿರುತ್ತದೆ ಎಂಬುದಕ್ಕೆ ನಾನು ಪ್ರತಿ ಬಾರಿ ಕೊಡುವ ಉದಾಹರಣೆ ಬ್ರೆಜಿಲ್ ದೇಶದ ಗೊಯಾನಿಯಾ ನಗರದ್ದು. 1987ರ ಸೆಪ್ಟೆಂಬರಿನಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಕದ್ದ ವಿಕಿರಣ ಚಿಕಿತ್ಸೆಯ ಯಂತ್ರವನ್ನು ಗುಜರಿಯವರು ಒಡೆದಾಗ ಅದರೊಳಗಿದ್ದ, ವಿಕಿರಣ ಸೂಸುವ ಸೀಸಿಯಮ್-137ರ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಜನ ಅದನ್ನು ಬೆರಗಿನಿಂದ ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ಕಾಯಿಲೆ ಬೀಳತೊಡಗಿದಾಗ ಗುಜರಿ ಅಂಗಡಿಯವನ ಹೆಂಡತಿಗೆ ಅನುಮಾನ ಬಂದು, ಉಳಿದ ತುಂಡನ್ನು ಚೀಲದಲ್ಲಿ ಹಾಕಿಸಿ ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಒಯ್ದು ಕೊಟ್ಟಳು. ಮರುದಿನ, ಸೆಪ್ಟೆಂಬರ್ 29ರಂದು, ಭೌತವಿಜ್ಞಾನಿ ವಾಲ್ಟರ್ ಮೆಂಡೆಸ್ ಫೆರೇರಾ ಯುರೇನಿಯಮ್ ಶೋಧನೆಗೆ ಬಳಸುವ ಒಂದು ಮಾಪಕವನ್ನು ಎರವಲು ಪಡೆದು ಅಲ್ಲಿಗೆ ಹೊರಟರು. ದಾರಿಯಲ್ಲಿ ಅದನ್ನು ಚಾಲೂ ಮಾಡಿದಾಗ, ಯಾವ ಕಡೆ ತಿರುಗಿಸಿದರೂ ಮುಳ್ಳು ಕೊನೆಯ ಅಂಚಿಗೆ ಹೋಗಿ ನಿಂತುಬಿಟ್ಟಿತು. ಯಂತ್ರ ಕೆಟ್ಟಿರಬೇಕೆಂದು ಅವರು ವಾಪಸಾಗಿ ಇನ್ನೊಂದನ್ನು ತಂದರು. ಅದರ ಮುಳ್ಳೂ ಹಾಗೆಯೇ ನಿಂತಿತು. ಕೆಟ್ಟಿದ್ದು ಮಾಪಕವಲ್ಲ ಎಂದು ತಿಳಿದು ಅವರು ಕಚೇರಿಯನ್ನು ತಲುಪುವಷ್ಟರಲ್ಲಿ ಅಗ್ನಿಶಾಮಕ ದಳದವರು ಆ ತುಂಡನ್ನು ಎತ್ತಿ ನದಿಗೆ ಎಸೆಯುವ ಯೋಚನೆಯಲ್ಲಿದ್ದರು. ಅದನ್ನು ಅವರು ತಡೆದರು. ಮುಂದೆ ನಗರದ ಸುಮಾರು 1,12,000 ಜನರನ್ನು ತಪಾಸಣೆ ಮಾಡಲಾಯಿತು, 249 ಜನರಲ್ಲಿ ಸೀಸಿಯಮ್ ಪತ್ತೆಯಾಯಿತು, ನಾಲ್ವರು ತೀರಿಕೊಂಡರು. ನದಿಯ ನೀರು ಮಾತ್ರ ಈ ಲೆಕ್ಕದಲ್ಲಿ ಸೇರಲಿಲ್ಲ.

ಸೇವೆಯ ಇನ್ನೊಂದು ಮುಖವಿದೆ. ಅದಕ್ಕೆ ಪದಕ ಸಿಗುವುದು ಕಷ್ಟ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಸ್ಥಾವರದ ಅವಘಡವಾದ ಮೇಲೆ ಏಪ್ರಿಲ್‌ನಲ್ಲಿ ಜಪಾನಿನ ಶಿಕ್ಷಣ ಸಚಿವಾಲಯವು ಶಾಲೆಯ ಮೈದಾನದಲ್ಲಿ ಗಂಟೆಗೆ 3.8 ಮೈಕ್ರೋಸೀವರ್ಟ್‌ವರೆಗೆ ಇದ್ದರೆ ಮಕ್ಕಳು ಆಡಬಹುದೆಂದು ತಿಳಿಸಿತು. ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಗಂಟೆಗೆ ಎಂಬ ಪದ ಇಲ್ಲಿ ಬಹಳ ಮುಖ್ಯ, ಅವಸರದ ಸುದ್ದಿಗಳಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯ ಒಳಗೆ ಇರುತ್ತದೆ, ಮನೆಯೊಳಗೆ ವಿಕಿರಣ ಹೊರಗಿನ ಶೇಕಡ 40ರಷ್ಟಿರುತ್ತದೆ ಎಂದು ಹಿಡಿದು 365 ದಿನಕ್ಕೆ ಗುಣಿಸಿದರೆ ಬರುವುದು ಸರಿಸುಮಾರು 20 ಮಿಲಿಸೀವರ್ಟ್. ವಯಸ್ಕ ವಿಕಿರಣ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಾಗಿ ಇಟ್ಟ ಮಿತಿಯೂ ಅಷ್ಟೇ. ಪ್ರಧಾನಿ ಕಚೇರಿಗೆ ಸಲಹೆಗಾರರಾಗಿದ್ದ ಟೋಕಿಯೊ ವಿಶ್ವವಿದ್ಯಾಲಯದ ವಿಕಿರಣ ಸುರಕ್ಷತಾ ಪ್ರಾಧ್ಯಾಪಕ ತೋಶಿಸೊ ಕೊಸಾಕೊ, ಈ ಅಂಕಿಯನ್ನು ಚಿಕ್ಕ ಮಕ್ಕಳಿಗೆ ಅನ್ವಯಿಸುವುದನ್ನು ತಾವು ಒಪ್ಪಲಾರೆವೆಂದು ಏಪ್ರಿಲ್ 29ರಂದು ಪತ್ರಕರ್ತರ ಮುಂದೆ ಕಣ್ಣೀರು ಹಾಕುತ್ತಾ ರಾಜೀನಾಮೆ ಪ್ರಕಟಿಸಿದರು. ತುರ್ತು ಪರಿಸ್ಥಿತಿಯ ನಂತರದ ದಿನಗಳಿಗೆ 1ರಿಂದ 20ರವರೆಗಿನ ವ್ಯಾಪ್ತಿಯನ್ನು ಅಂತರರಾಷ್ಟ್ರೀಯ ಆಯೋಗವೇ ಹೇಳಿದೆ ಎಂಬುದು ಸರ್ಕಾರದ ವಾದವಾಗಿತ್ತು, ಮತ್ತು ಆ ಮಾತು ಸುಳ್ಳಾಗಿರಲಿಲ್ಲ. ವ್ಯಾಪ್ತಿಯೊಳಗೆ ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಜಗಳ. ಮೇ ತಿಂಗಳಲ್ಲಿ ಸಚಿವಾಲಯವು ಶಾಲೆಗಳಲ್ಲಿ ಮಕ್ಕಳಿಗೆ ಸಿಗುವ ಡೋಸನ್ನು ವರ್ಷಕ್ಕೆ 1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆಗೆ ಇಳಿಸುವ ಗುರಿಯನ್ನು ಪ್ರಕಟಿಸಿತು. ಮೈದಾನಗಳ ಮೇಲ್ಮಣ್ಣನ್ನು ಕೆರೆದು ತೆಗೆಯುವ ಕೆಲಸ ನಡೆಯಿತು, ಶಾಲೆಗಳ ಮತ್ತು ಉದ್ಯಾನಗಳ ಬಳಿ ಮಾಪಕದ ಕಂಬಗಳು ಬಂದವು, ಅವುಗಳ ಫಲಕದಲ್ಲಿ ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಎಂಬ ಅಂಕಿ ಹಗಲೂ ರಾತ್ರಿ ಉರಿಯತೊಡಗಿತು.