ಕೇಳುವ ಪೆಟ್ಟಿಗೆಯೂ ಗುನುಗುತ್ತದೆ

ಫೋನ್ ಆಫ್ ಮಾಡದಿದ್ದರೆ ವಿಮಾನ ಬಿದ್ದೇ ಹೋಗುತ್ತದೆ ಎನ್ನುವವರಿದ್ದಾರೆ. ಅದೆಲ್ಲ ಸುಮ್ನೆ ಹೆದರಿಸುವ ಮಾತು ಎನ್ನುವವರೂ ಇದ್ದಾರೆ. ಎರಡೂ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಜ ಸಂಗತಿ ಇವೆರಡಕ್ಕಿಂತ ಸೊಗಸಾಗಿದೆ. ಅದು ಶುರುವಾದದ್ದು ಫೋನಿನಿಂದಲ್ಲ, ರೇಡಿಯೊದಿಂದ.

1961ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಹಾರುವ ವಿಮಾನದಲ್ಲಿ ಪ್ರಯಾಣಿಕರು ಎಫ್‌ಎಂ ರೇಡಿಯೊ ಹಚ್ಚಬಾರದು ಎಂದಿತು. ರೇಡಿಯೊ ಬರೀ ಕೇಳುವ ಪೆಟ್ಟಿಗೆ, ಅದರಿಂದೇನು ತೊಂದರೆ ಅಲ್ವಾ? ಸ್ವಾರಸ್ಯ ಇರುವುದು ಇಲ್ಲೇ. ಕೇಳಬೇಕಾದರೆ ಆ ಪೆಟ್ಟಿಗೆ ತಾನೂ ಒಳಗೊಳಗೇ ಒಂದು ಸ್ವರ ಹಿಡಿಯಬೇಕು.

ಎರಡು ತಂಬೂರಿಗಳ ಶ್ರುತಿ ಚೂರೇ ಚೂರು ಬೇರೆಯಾಗಿದ್ದರೆ ‘ವೊಂಯ್ ವೊಂಯ್’ ಎಂಬ ನಿಧಾನದ ಅಲೆ ಕೇಳುತ್ತದೆ. ಅದು ಎರಡು ಸ್ವರಗಳ ನಡುವಿನ ಅಂತರ. ಎಫ್‌ಎಂ ರೇಡಿಯೊ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನೀವು ಹಿಡಿದ ನಿಲಯಕ್ಕಿಂತ 10.7 ಮೆಗಾಹರ್ಟ್ಸ್ ಮೇಲಿನ ಅಲೆಯೊಂದನ್ನು ತಾನೇ ಹುಟ್ಟಿಸುತ್ತದೆ. ಎರಡನ್ನೂ ಬೆರೆಸಿ, ಅಂತರವನ್ನು ಮಾತ್ರ ಸೋಸಿಕೊಳ್ಳುತ್ತದೆ. ಜರಡಿ ಒಂದೇ. ಯಾವ ನಿಲಯದ ಕಾಳು ಬಂದರೂ ಅದೇ ಜರಡಿಯ ಕಣ್ಣಿಗೆ ಹೊಂದಿಸಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ ಬರುವುದು 101.3 ಮೆಗಾಹರ್ಟ್ಸ್‌ನಲ್ಲಿ. ಅದನ್ನು ಹಾಕಿದರೆ ಇಂಥ ರೇಡಿಯೊ ಒಳಗೆ 112.0ರಲ್ಲಿ ಗುನುಗುತ್ತಿರುತ್ತದೆ. ವಿಮಾನಕ್ಕೆ ದಾರಿ ತೋರಿಸುವ ವಿಒಆರ್ ಕೇಂದ್ರಗಳ ಜಾಗವೋ 108ರಿಂದ 118! ಆ ಗುನುಗು ಪೆಟ್ಟಿಗೆಯಿಂದ ಸ್ವಲ್ಪ ಸೋರಿದರೂ, ದೂರದಿಂದ ಸೊರಗಿ ಬರುವ ವಿಒಆರ್ ದನಿಗೆ ಅಡ್ಡ ಬರಬಹುದು. ಸಂತೆಯ ಆಚೆ ತುದಿಯಿಂದ ಯಾರೋ ಕೂಗುತ್ತಿರುವಾಗ, ನಿಮ್ಮ ಕಿವಿಯಲ್ಲೇ ಇನ್ನೊಬ್ಬರು ಪಿಸುಗುಟ್ಟಿದ ಹಾಗೆ.

ಫೋನಿನ ಕಥೆ ಬೇರೆ. ಹಾರುವಾಗ ಸೆಲ್ ಫೋನ್ ಬೇಡ ಎಂದು 1991ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಹೇಳಿದ್ದು ನೆಲದ ಟವರ್‌ಗಳ ಚಿಂತೆಯಿಂದ. ದೂರದೂರದ ಟವರ್‌ಗಳು ಒಂದೇ ತರಂಗಾಂತರವನ್ನು ಹಂಚಿಕೊಂಡು ಬಳಸುತ್ತವೆ. ನೆಲದ ಮೇಲಿನ ಫೋನು ಹತ್ತಿರದ ಟವರ್‌ಗೆ ಮಾತ್ರ ಕೇಳಿಸುತ್ತದೆ. ಆಕಾಶದಲ್ಲಿರುವ ಫೋನು ಹಲವಾರು ಟವರ್‌ಗಳಿಗೆ ಒಟ್ಟಿಗೇ ಕೇಳಿಸಿ ಗೊಂದಲವಾಗುತ್ತದೆ.

ಪೈಲಟ್‌ಗಳಿಗೆ ತಟ್ಟುವ ತೊಂದರೆ ಇನ್ನೊಂದು. ಹಳೆಯ 2ಜಿ ಫೋನನ್ನು ಸ್ಪೀಕರ್ ಹತ್ತಿರ ಇಟ್ಟಾಗ, ಕರೆ ಬರುವ ಮೊದಲು ‘ಟಿಡಿಟ್ ಟಿಡಿಟ್’ ಅನ್ನುತ್ತಿತ್ತಲ್ಲ? ಮಾತಾಡುವಾಗ ಆ ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ಮಿಡಿಯುತ್ತದೆ. ಪೈಲಟ್‌ನ ಹೆಡ್‌ಫೋನಿನಲ್ಲೂ ಅದು ಕೇಳಿಸಬಹುದು. ಕೆಳಗಿನಿಂದ ರನ್‌ವೇ ಸಂಖ್ಯೆ ಹೇಳುತ್ತಿರುವ ಹೊತ್ತಿಗೇ ಬಂದರೆ? ವಿಮಾನವೇನೂ ಬೀಳುವುದಿಲ್ಲ, ಮಾತು ತಪ್ಪಿ ಕೇಳಬಹುದು. ಫ್ಲೈಟ್ ಮೋಡ್ ಹಾಕಲು ನನಗೆ ಇಷ್ಟು ಕಾರಣ ಸಾಕು.

ಇನ್ನೊಂದು ವಿಷಯ. ಟವರ್ ದೂರವಾದಷ್ಟೂ ಫೋನು ಜಾಸ್ತಿ ಜೋರಾಗಿ ಕೂಗುತ್ತದೆ, ಹೊಲದ ಆ ಬದಿಯಲ್ಲಿರುವವರನ್ನು ಊಟಕ್ಕೆ ಕರೆದ ಹಾಗೆ. ಹಾಗಾದರೆ ಟವರನ್ನೇ ವಿಮಾನದೊಳಗೆ ತಂದರೆ? 2008ರಲ್ಲಿ ದುಬೈನ ವಿಮಾನ ಸಂಸ್ಥೆ ಎಮಿರೇಟ್ಸ್ ಮಾಡಿದ್ದು ಇದನ್ನೇ. ಪುಟ್ಟ ಟವರ್ ಪಕ್ಕದಲ್ಲೇ ಇರುವಾಗ, 1 ವ್ಯಾಟ್‌ವರೆಗೆ ಕೂಗಬಲ್ಲ ಫೋನು ಅದರ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಮುಂದೆ ಆ ಮಾತನ್ನು ಉಪಗ್ರಹ ಹೊತ್ತು ನೆಲಕ್ಕೆ ಮುಟ್ಟಿಸುತ್ತದೆ. ಭಾರತವೂ 2018ರ ಡಿಸೆಂಬರ್‌ನಲ್ಲಿ ನಿಯಮ ಮಾಡಿ, 3,000 ಮೀಟರ್ ಎತ್ತರ ದಾಟಿದ ಮೇಲೆ ಇಂಥ ಸೇವೆ ಕೊಡಲು ಒಪ್ಪಿತು.